ಗುಬ್ಬಿ ಗೇಟಿನ ಕದರಯ್ಯ ಮುಚ್ಚಿದ ತೂತು

ಇನ್ನೂ ಬೆಳಕು ಹರಿದಿಲ್ಲ. ತುಮಕೂರಿನ ಗುಬ್ಬಿ ಗೇಟಿನ ಪಕ್ಕ, ತಗಡಿನ ಶೆಡ್ಡೊಂದರ ಮುಂದೆ ಕೊಬ್ಬರಿ ತುಂಬಿದ ಎರಡು ಲಾರಿ, ಒಂದು ಟೆಂಪೋ, ಒಂದು ಅಂಬಾಸಡರ್ ಸಾಲಾಗಿ ನಿಂತಿವೆ. ಹೋಟೆಲಿನ ಒಲೆ ಹೊತ್ತುವುದನ್ನೇ ಕಾಯುತ್ತ ಡ್ರೈವರುಗಳು ಬೀಡಿ ಸೇದುತ್ತಿದ್ದಾರೆ. ಶೆಡ್ಡಿನ ಒಳಗೆ ಉದ್ದನೆಯ ವಿದೇಶಿ ಕಾರೊಂದರ ಬಾನೆಟ್ ತೆರೆದಿದೆ. ಇಂಜಿನ್ ಓಡುತ್ತಿದೆ. ಅದರ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಐವತ್ತರ ಆಚೆಯ ಒಬ್ಬರು ಕತ್ತಲನ್ನೇ ನೋಡುತ್ತಿದ್ದಾರೆ.

ಇವರು ಕದರಯ್ಯ. ಮೋಟಾರು ಗಾಡಿಗಳ ವೈರಿಂಗ್ ಕೆಲಸದವರು. ಪತ್ರಿಕೆಯಿಂದ ಬಂದವರು ನೋಡಲೆಂದು ಟಾರ್ಚು ಹಾಕಿದರೆ ಕೈಬೀಸಿ ತಡೆಯುತ್ತಾರೆ.

"ಲೈಟ್ ಆರ್ಸಿ ಸಾರ್. ಬೆಳ್ಕಲ್ಲಿ ಕರೆಂಟ್ ಸೋರೋದು ಕಾಣಾಕಿಲ್ಲ. ಈ ಮಬ್ಬಲ್ಲೇ ಸಣ್ಣ ನೀಲಿ ಕಿಡಿ ಹಾರೋದು ಗೊತ್ತಾಗೋದು. ಅದಕ್ಕೇ ನಾನು ನಾಲ್ಕೂವರೆಗೇ ಶೆಡ್ ತೆಗೀತೀನಿ."

ಕಿಡಿ ಎಲ್ಲೂ ಕಾಣಲಿಲ್ಲ. ತೃಪ್ತಿಯಿಂದ ಇಂಜಿನ್ ನಿಲ್ಲಿಸಿ, ಗೋಣಿಚೀಲ ಹಾಸಿ, ಅವರು ಕಾರಿನ ಕೆಳಗೆ ಜಾರುತ್ತಾರೆ. ಈಗ ಟಾರ್ಚು ಬೇಕು. ಹೊಗೆ ಹೋಗುವ ಪೈಪಿನ ಮೇಲೆ, ಇಂಜಿನ್ನಿಗೆ ಹತ್ತಿರದಲ್ಲಿ, ಸ್ಪಾರ್ಕ್ ಪ್ಲಗ್ಗಿನಷ್ಟೇ ಗಾತ್ರದ ಒಂದು ಸಾಮಾನು ಚುಚ್ಚಿಕೊಂಡಿದೆ. ಅದರ ಬಾಲದಿಂದ ಒಂದೇ ಒಂದು ವೈರು ಹೊರಟಿದೆ. ಬಿಸಿ ಪೈಪಿಗೆ ತಾಗಿ ತಾಗಿ ವೈರಿನ ಮೇಲ್ಹೊದಿಕೆ ಸುಟ್ಟು ತಾಮ್ರ ಹಲ್ಲು ಕಿರಿದಿದೆ. ಇದನ್ನು ಆಕ್ಸಿಜನ್ ಸೆನ್ಸಾರ್ ಎನ್ನುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್ಲು ಮೂರೂ ಊರು ಸೇರಿಸಿ ಜಾಲಾಡಿದರೂ ಇಂಥದ್ದು ಇನ್ನೊಂದು ಸಿಗಲಾರದು. ಹೋದ ವರ್ಷದವರೆಗೆ ಕದರಯ್ಯನವರೂ ಇದರ ಹೆಸರು ಕೇಳಿದವರಲ್ಲ.

ಕಾರು ಕುಣಿಗಲ್ಲಿನ ಒಂದು ಧರ್ಮಾರ್ಥ ಹೆರಿಗೆ ಆಸ್ಪತ್ರೆಯದು. ಅಲ್ಲಿನ ಡಾಕ್ಟರ್ ಕೌಸಲ್ಯ ಕೆಲವು ವರ್ಷ ಸ್ವೀಡನ್ನಿನಲ್ಲಿ ಕೆಲಸ ಮಾಡಿ ಬಂದವರು. ಅಲ್ಲಿನ ಗೆಳೆಯರು ಸೇರಿ ೧೯೮೫ರಲ್ಲಿ ಹಳೆಯ ಕಾರೊಂದನ್ನು ಆಸ್ಪತ್ರೆಗೆ ದಾನವಾಗಿ ಕಳಿಸಿದರು. ಹಿಂದಿನ ಸೀಟು ಮಡಚಿದರೆ ಒಬ್ಬರು ಕಾಲುಚಾಚಿ ಮಲಗಬಹುದು. ಸ್ಟೇರಿಂಗ್ ಎಡಗಡೆ. ಅದನ್ನು ಓಡಿಸಲು ಕಲಿಯುವಷ್ಟರಲ್ಲಿ ಡ್ರೈವರ್ ಚಿಕ್ಕಬೀರಯ್ಯ ಎರಡು ಎತ್ತಿನಗಾಡಿಗೂ ಒಂದು ಹಾಲಿನ ಸೈಕಲ್ಲಿಗೂ ಮುತ್ತಿಕ್ಕಿದ್ದಾರೆ. ಆದರೆ ಹುಲಿಯೂರುದುರ್ಗದ ಸುತ್ತಿನ ಹಳ್ಳಿಗಳಿಂದ ಬಸುರಿಯರನ್ನು ಕರೆತರಲು ಆಸ್ಪತ್ರೆಗೆ ಇರುವುದು ಇದೊಂದೇ ಗಾಡಿ.

ಈ ಕಾರಿನ ಕಥೆಯೇ ಪತ್ರಿಕೆಯವರನ್ನು ಗುಬ್ಬಿ ಗೇಟಿಗೆ ಎಳೆದು ತಂದದ್ದು. ಹೋದ ವರ್ಷ ನಡುದಾರಿಯಲ್ಲಿ ನಿಂತುಹೋದ ಕಾರನ್ನು ಓಡುವಂತೆ ಮಾಡಿ, ತಾಯಿ ಮಗು ಇಬ್ಬರನ್ನೂ ಉಳಿಸಿದ ಪುಣ್ಯಾತ್ಮ ಎಂದು ಕದರಯ್ಯನವರ ಹೆಸರು ಲಾರಿ ಡ್ರೈವರುಗಳ ಬಾಯಲ್ಲಿ ತಿಪಟೂರಿನವರೆಗೂ ಹರಡಿದೆ. ಡ್ರೈವರುಗಳೆಲ್ಲ ಸೇರಿ ಶಾಲು ಹೊದಿಸಿದ್ದಾರೆ. ಆ ಕಥೆ ಹೇಳಿ ಎಂದರೆ ಅವರು ಕಾರಿನ ಕೆಳಗಿಂದ ಮುಖವನ್ನಷ್ಟೇ ಹೊರಗೆ ಹಾಕುತ್ತಾರೆ.

"ಹೇಳ್ತೀನಿ ಸಾರ್. ಆದ್ರೆ ನೀವು ಕೇಳ್ಕೊಂಡು ಬಂದಿರೋ ಕಥೆ ಅಲ್ಲ. ನಾನು ಹೇಳೋದನ್ನ ನೀವು ಬರುದ್ರೆ ನಾಳಿಂದ ಈ ಶೆಡ್ ಮುಂದೆ ಗಾಡಿ ನಿಲ್ತವೋ ಇಲ್ವೋ ಗೊತ್ತಿಲ್ಲ. ನಂಬಿಕೆ ಮೇಲೆ ಬರೋ ಜನ ಅವ್ರು. ಆದ್ರೂ ಬರ್ಕಳಿ. ಒಂದು ವರ್ಷದಿಂದ ಗಂಟಲಲ್ಲಿ ಸಿಗಾಕ್ಕೊಂಡೈತೆ."

ಹೊಗಳಿ ಬರೆಯಲು ಬಂದವರ ಪೆನ್ನು ಅಲ್ಲೇ ನಿಲ್ಲುತ್ತದೆ.

ಕದರಯ್ಯ ಹುಟ್ಟಿದ್ದು ಹುಲಿಯೂರುದುರ್ಗದ ಹತ್ತಿರದ ಹಳ್ಳಿಯಲ್ಲಿ. ಓದಿದ್ದು ನಾಲ್ಕನೇ ಕ್ಲಾಸು. ಮೀಸೆ ಚಿಗುರುವ ವಯಸ್ಸಿಗೆ ಖಾಸಗಿ ಬಸ್ಸೊಂದರ ಕ್ಲೀನರ್ ಆದರು. ಒಂದು ಮಳೆಗಾಲ, ಕುಣಿಗಲ್ ಕೆರೆ ಏರಿಯ ಮೇಲೆ, ಬಸ್ಸಿನ ವೈರಿಂಗಿನ ಯಾವುದೋ ಜಾಯಿಂಟಿಗೆ ನೀರು ಇಳಿದು ಬೆಂಕಿ ಹೊತ್ತಿಕೊಂಡಿತು. ಜನರನ್ನೆಲ್ಲ ಇಳಿಸಿ ಕೊನೆಗೆ ಹಾರಿದವರು ಕ್ಲೀನರ್ ಕದರಯ್ಯ. ಎಡಗಿವಿಯ ಅಂಚು, ಎಡಮೊಣಕೈಯ ಚರ್ಮ ಅಲ್ಲಿಯೇ ಉಳಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಕಂಡಕ್ಟರ್ ಆಗುವ ಆಸೆ ಬಿಟ್ಟು ವೈರಿಂಗ್ ಕೆಲಸ ಕಲಿತರು.

"ಒಂದ್ ಹನಿ ನೀರು ಸಾರ್. ಬರೀ ಒಂದ್ ಹನಿ. ಬಸ್ಸಿಗ್ ಬಸ್ಸೇ ಹೊಂಟೋಯ್ತು. ಅವತ್ತೇ ಅಂದ್ಕೊಂಡೆ, ನಾನು ಮುಟ್ಟಿದ್ ಗಾಡೀಲಿ ನೀರು ಇಳಿಯೋ ಜಾಗ ಒಂದೂ ಉಳೀಬಾರ್ದು ಅಂತ."

ಅಂದಿನಿಂದ ಅವರದ್ದೊಂದು ಪದ್ಧತಿ. ಎರಡು ವೈರು ಹೊಸೆದು, ಬೆಸುಗೆ ಹಾಕಿ, ಮೇಲೆ ಅರಗು ಕಾಯಿಸಿ ಹನಿಸುತ್ತಾರೆ. ಅದು ಆರುವ ಮುನ್ನ ಹೆಬ್ಬೆರಳಿನಿಂದ ಒತ್ತುತ್ತಾರೆ. ಬೆರಳಿನ ಗೆರೆಗಳು ಅರಗಿನಲ್ಲಿ ಮೂಡಿಬಿಡುತ್ತವೆ. ಹಾಸನದ ಹತ್ತಿರ ಎಲ್ಲೋ ಗಾಡಿ ಬಿಚ್ಚಿದ ಬೇರೆ ಮೆಕ್ಯಾನಿಕ್ಕು ಕೂಡ ಅದನ್ನು ಕಂಡರೆ "ಇದು ತುಮಕೂರು ಕದರಯ್ಯನ ಹೆಬ್ಬೆಟ್ಟು, ಇಲ್ಲಿ ತೊಂದ್ರೆ ಇರಾಕಿಲ್ಲ ಬುಡು" ಎಂದು ಬೇರೆ ಕಡೆ ಹುಡುಕುತ್ತಾನಂತೆ. ದಿನಕ್ಕೆ ಆರರಿಂದ ಏಳು ಗಾಡಿ, ಐವತ್ತು ಅರವತ್ತು ಜಾಯಿಂಟು. ಭಾನುವಾರ ದೇವರಾಯನದುರ್ಗದ ಬೆಟ್ಟ ಹತ್ತಿ ಇಳಿದ ವ್ಯಾನುಗಳು ಬಂದರೆ ಇನ್ನೂ ಹೆಚ್ಚು. ಸ್ವಂತ ಶೆಡ್ ಹಾಕಿದ ಇಪ್ಪತ್ತೆರಡು ವರ್ಷದಲ್ಲಿ ಅವರು ವೈರಿಂಗ್ ಮಾಡಿದ ಒಂದು ಗಾಡಿಯೂ ಸುಟ್ಟಿಲ್ಲ.

ಶೆಡ್ಡಿನ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಡೈನಮೋದ ಒಳಗೆ ತಿರುಗುವ ಆರ್ಮೇಚರಿಗೆ ತಾಮ್ರದ ತಂತಿ ಸುತ್ತುತ್ತಿರುವವರು ಹೆಂಡತಿ ರಂಗಲಕ್ಷ್ಮಮ್ಮ. ದಿನಕ್ಕೆ ಎರಡು ಸುತ್ತುತ್ತಾರೆ. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಅವರಿಗೆ ಕೆಂಡದಂಥ ಕೋಪ. ಗಂಡನ ಅರಗಿನ ಹುಚ್ಚಿನ ಬಗ್ಗೆ ಕೇಳಿದರೆ ಎಣಿಕೆ ಮುಗಿಸಿಯೇ ಬಾಯಿ ಬಿಡುತ್ತಾರೆ.

"ನಮ್ಮನೇಲಿ ಒಂದ್ ಇಲಿ ಬಿಲ ಉಳ್ದಿಲ್ಲ ಸಾರ್. ತೂತು ಕಂಡ್ರೆ ಇವ್ರಿಗೆ ನಿದ್ದೆ ಬರಾಕಿಲ್ಲ. ಮದ್ವೆ ಆದ್ ಹೊಸ್ದ್ರಲ್ಲಿ ನಾನ್ ಅಂದ್ಕೊಂಡಿದ್ದೆ, ಇವ್ರಿಗೇನೋ ಗಾಳಿ ಸೋಕೈತೆ ಅಂತ."

ಹೋದ ವರ್ಷ ಫೆಬ್ರವರಿಯಲ್ಲಿ ಚಿಕ್ಕಬೀರಯ್ಯ ಆ ಕಾರನ್ನು ಇಲ್ಲಿಗೆ ತಂದರು. ಹಿಂದಿನಿಂದ ಕಪ್ಪು ಹೊಗೆ, ಹತ್ತಿರ ಹೋದರೆ ಹಸಿ ಪೆಟ್ರೋಲಿನ ನಾತ. ಅದಾಗಲೇ ಬೆಂಗಳೂರಿನ ಎರಡು ಗ್ಯಾರೇಜು ಕೈಚೆಲ್ಲಿದ್ದವು. ಒಬ್ಬರು ಪ್ಲಗ್ಗು ಬದಲಿಸಿದ್ದರು, ಇನ್ನೊಬ್ಬರು ಇಂಜಿನ್ ಬಿಚ್ಚಬೇಕು ಎಂದಿದ್ದರು. ಕದರಯ್ಯ ಅರ್ಧ ಗಂಟೆಯಲ್ಲಿ ತಪ್ಪು ಹಿಡಿದರು. ಹೊಗೆ ಪೈಪಿನ ಮೇಲಿದ್ದ ಆ ಸಾಮಾನಿನ ವೈರು ಸುಟ್ಟು ಪೈಪಿಗೆ ಅಂಟಿಕೊಂಡಿತ್ತು. ಅದು ಏನು, ಯಾಕೆ ಎಂದು ಅವರಿಗೆ ಗೊತ್ತಿಲ್ಲ. ಆದರೆ ಸುಟ್ಟ ವೈರು ಸುಟ್ಟ ವೈರೇ ತಾನೆ? ಸುಟ್ಟಷ್ಟು ಕತ್ತರಿಸಿ, ಹೊಸದನ್ನು ಸೇರಿಸಿ, ಬಿಸಿಗೆ ಕರಗದ ಗಾಜಿನ ನೂಲಿನ ಕೊಳವೆ ತೊಡಿಸಿ, ಪೈಪಿನಿಂದ ದೂರಕ್ಕೆ ಎಳೆದು ಕಟ್ಟಿದರು. ಕಾರು ಸದ್ದಿಲ್ಲದೆ ಓಡಿತು. ಹೊಗೆ ಮಾಯ. ಬೆಂಗಳೂರಿನವರನ್ನು ಗೆದ್ದ ಖುಷಿಗೆ ಚಿಕ್ಕಬೀರಯ್ಯ ಎಲ್ಲರಿಗೂ ಕಾಫಿ ಹೇಳಿದರು.

ಆಮೇಲೆ ಕದರಯ್ಯ ಇನ್ನೊಮ್ಮೆ ಕೆಳಗೆ ಹೋದರು. ಕೆಲಸ ಮುಗಿದ ಮೇಲೂ ಒಂದು ಸಾರಿ ಕೈಯಾಡಿಸಿ ನೋಡುವುದು ಅವರ ಅಭ್ಯಾಸ. ವೈರು ಹೊರಬರುವ ಕಡೆ, ಆ ಸಾಮಾನಿನ ತಗಡಿನ ಟೋಪಿಯಲ್ಲಿ, ಸೂಜಿ ಹೋಗುವಷ್ಟು ಒಂದು ತೂತು ಕಂಡಿತು.

"ಹಾಳಾದ್ದು ಕಣ್ಣಿಗ್ ಬಿತ್ತಲ್ಲ ಸಾರ್! ಅಂಥಾ ದೇಶದೋರು ಇಷ್ಟು ಚೆನ್ನಾಗ್ ಮಾಡಿ, ನೀರು ಇಳಿಯಾಕೆ ತೂತು ಬುಟ್ಟವ್ರಲ್ಲ ಅಂತ ನಗು ಬಂತು. ಅರಗು ಹಾಕುದ್ರೆ ಬಿಸಿಗೆ ಕರಗೋಯ್ತದೆ. ಅದಕ್ಕೆ ಸೈಲೆನ್ಸರ್ ಜಾಯಿಂಟಿಗೆ ಹಾಕೋ ಪೇಸ್ಟ್ ಮೆತ್ತಿ, ಹೆಬ್ಬೆಟ್ಟು ಒತ್ದೆ. ಜೀವ ತಣ್ಣಗಾಯ್ತು."

ದೊಡ್ಡ ರಿಪೇರಿ ಮಾಡಿದ ಗಾಡಿಯಲ್ಲಿ ಒಂದು ದಿನ ಡ್ರೈವರ್ ಪಕ್ಕ ಕೂತು ಸುತ್ತಿಬರುವುದು ಅವರ ಇನ್ನೊಂದು ಪದ್ಧತಿ. ಮೂರನೆಯ ದಿನ ಬಸ್ಸು ಹಿಡಿದು ಕುಣಿಗಲ್ಲಿಗೆ ಹೋದರು. ಅಷ್ಟು ಹೊತ್ತಿಗೆ ಹುಲಿಯೂರುದುರ್ಗದಿಂದ ಕರೆ ಬಂದಿತ್ತು. ವನಜಮ್ಮ ಎಂಬ ಚೊಚ್ಚಲ ಬಸುರಿ, ಮಗು ಅಡ್ಡ ತಿರುಗಿದೆ, ಬೇಗ ಬರಬೇಕು ಎಂದು. ಇವರೂ ಕಾರು ಹತ್ತಿದರು. ಹೋಗುವಾಗ ಸ್ವಲ್ಪ ಮುಗ್ಗರಿಸಿದಂತಾಯಿತು, ಅಷ್ಟೆ. ವನಜಮ್ಮನನ್ನು ಹಿಂದೆ ಮಲಗಿಸಿ, ಅತ್ತೆಯನ್ನು ಪಕ್ಕ ಕೂರಿಸಿ ಹೊರಟ ಐದು ಮೈಲಿಗೆ ಹಿಂದೆ ಕಪ್ಪು ಹೊಗೆ ಎದ್ದಿತು. ಇನ್ನೊಂದು ಮೈಲಿಗೆ ಕಾರು ನಿಂತಿತು.

ಕದರಯ್ಯ ದಂಗಾದರು. ಪ್ಲಗ್ಗುಗಳನ್ನು ಬಿಚ್ಚಿದರೆ ಮಸಿಯ ಮುದ್ದೆ. ಮರಳು ಕಾಗದದಲ್ಲಿ ಉಜ್ಜಿ ಹಾಕಿದರು. ಕಾರು ಎರಡು ಮೈಲಿ ಹೋಗಿ ಮತ್ತೆ ನಿಂತಿತು. ಮತ್ತೆ ಉಜ್ಜಿದರು, ಮತ್ತೆ ಹೊರಟಿತು, ಮತ್ತೆ ನಿಂತಿತು. ಒಳಗೆ ಹೆಂಗಸು ಕಿರುಚುತ್ತಿದ್ದಾಳೆ. ಅತ್ತೆ ಇಳಿದು ರಸ್ತೆಯ ನಡುವೆ ನಿಂತು, ಬಾರದ ಗಾಡಿಗಳಿಗೆ ಕೈ ಅಡ್ಡ ಹಾಕುತ್ತಿದ್ದಾಳೆ. ಚಿಕ್ಕಬೀರಯ್ಯ ಸ್ಟೇರಿಂಗ್ ಹಿಡಿದು ದೇವರನ್ನೆಲ್ಲ ಕೂಗುತ್ತಿದ್ದಾರೆ. ಮಟಮಟ ಮಧ್ಯಾಹ್ನ, ಟಾರು ಕಾಲಿಗೆ ಅಂಟುತ್ತಿದೆ.

"ತಲೆ ಓಡ್ಲಿಲ್ಲ ಸಾರ್. ಆಮೇಕೆ ಒಂದೇ ಒಂದು ಯೋಚ್ನೆ ಬಂತು. ಈ ಗಾಡೀಲಿ ನಾನು ಕೈ ಹಾಕಿರೋದು ಒಂದೇ ಕಡೆ. ಹಂಗಾದ್ರೆ ತಪ್ಪೂ ಅಲ್ಲೇ ಇರ್ಬೇಕಲ್ವಾ? ಕೆಳಗ್ ನುಗ್ಗಿದೆ. ನೋಡ್ತೀನಿ, ನನ್ ಹೆಬ್ಬೆಟ್ಟು ನನ್ನೇ ನೋಡ್ತಾ ಕೂತೈತೆ."

ಅವರು ಸೇರಿಸಿದ್ದ ವೈರನ್ನು ಅವರೇ ಕಿತ್ತು ಹಾಕಿದರು. ಪ್ಲಗ್ಗು ಉಜ್ಜಿ ಚಾಲೂ ಮಾಡಿದರೆ, ಅಚ್ಚರಿ, ಆ ವೈರೇ ಇಲ್ಲದೆ ಕಾರು ಜಿಂಕೆಯ ಹಾಗೆ ಹೊರಟಿತು! ಆಸ್ಪತ್ರೆ ಮುಟ್ಟುವ ಹೊತ್ತಿಗೆ ಒಂದು ಗಂಟೆ ಐವತ್ತು ನಿಮಿಷ ದಂಡವಾಗಿತ್ತು. ಆಪರೇಷನ್ ಮಾಡಿ ಗಂಡು ಮಗುವನ್ನು ತೆಗೆದರು. ಹೊರಗೆ ಬಂದ ಡಾಕ್ಟರ್ ಕೌಸಲ್ಯ ಕೈ ಒರೆಸಿಕೊಳ್ಳುತ್ತ ಹೇಳಿದ್ದು ಒಂದೇ ಮಾತು: "ಇನ್ನರ್ಧ ಗಂಟೆ ತಡ ಆಗಿದ್ರೆ ಇಬ್ಬರೂ ಉಳೀತಿರ್ಲಿಲ್ಲ."

ಡ್ರೈವರ್ ಕಂಡದ್ದು ಇಷ್ಟೇ. ನಿಂತ ಕಾರಿನ ಕೆಳಗೆ ಕದರಯ್ಯ ನುಗ್ಗಿದರು, ಏನನ್ನೋ ಕಿತ್ತರು, ಕಾರು ಓಡಿತು. ಅದನ್ನೇ ಅವರು ಊರಿಗೆಲ್ಲ ಸಾರಿದರು. ಶಾಲು ಬಂದದ್ದು ಹಾಗೆ. ಶಾಲು ಹೊದಿಸುವಾಗ ಕದರಯ್ಯನವರಿಗೂ ಪೂರ್ತಿ ಗೊತ್ತಿರಲಿಲ್ಲ, ಅನುಮಾನ ಮಾತ್ರ ಇತ್ತು. ಗೊತ್ತಾದದ್ದು ಎರಡು ತಿಂಗಳ ಮೇಲೆ. ಡಾಕ್ಟರ್ ಬರೆದ ಪತ್ರಕ್ಕೆ ಸ್ವೀಡನ್ನಿನಿಂದ ಉತ್ತರ ಬಂತು, ಜೊತೆಗೆ ಹೊಸದೊಂದು ಸೆನ್ಸಾರ್, ರಿಪೇರಿ ಪುಸ್ತಕದ ಒಂದು ಹಾಳೆ. ಡಾಕ್ಟರ್ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಆ ಸಾಮಾನು ಹೊಗೆಯಲ್ಲಿರುವ ಆಮ್ಲಜನಕವನ್ನು ಹೊರಗಿನ ಗಾಳಿಯ ಜೊತೆ ಹೋಲಿಸಿ ನೋಡಿ, ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಇಂಜಿನ್ನಿಗೆ ಪೆಟ್ರೋಲು ಅಳೆದು ಬಿಡುವ ಪೆಟ್ಟಿಗೆಯೊಂದಕ್ಕೆ ವೈರಿನ ಮೂಲಕ ಸುದ್ದಿ ಕಳಿಸುತ್ತದೆ. ಹೊರಗಿನ ಗಾಳಿ ಅದಕ್ಕೆ ಸಿಗುವುದು ಆ ಸಣ್ಣ ತೂತಿನಿಂದ. ತೂತು ಮುಚ್ಚಿದರೆ ಒಳಗಿದ್ದ ಗಾಳಿ ಮುಗಿಯುವವರೆಗೆ ಸರಿ, ಆಮೇಲೆ ಬರೀ ಸುಳ್ಳು ಸುದ್ದಿ. ಪೆಟ್ರೋಲು ಸಾಲದು, ಸಾಲದು ಎಂದು. ಪೆಟ್ಟಿಗೆ ಸುರಿಯುತ್ತಲೇ ಹೋಗುತ್ತದೆ. ವೈರನ್ನೇ ಕಿತ್ತರೆ ಸುದ್ದಿಯೇ ಇಲ್ಲ, ಪೆಟ್ಟಿಗೆ ತನ್ನ ಅಂದಾಜಿನಲ್ಲಿ ನಡೆಸಿಕೊಂಡು ಹೋಗುತ್ತದೆ.

"ಉಸಿರಾಡ್ತದಾ ಅಮ್ಮಾ ಅದು ಅಂದೆ. ಹೂಂ ಕದರಯ್ಯನವರೇ, ಉಸಿರಾಡುತ್ತೆ ಅಂದ್ರು. ನಾನು ಅದರ ಮೂಗು ಮುಚ್ಚಿದ್ದೆ ಸಾರ್! ಇಪ್ಪತ್ತೆರಡು ವರ್ಷ ಯಾವ್ ಕೆಲಸದಿಂದ ಹೆಸ್ರು ಬಂತೋ ಅದೇ ಕೆಲಸದಿಂದ ಎರಡು ಜೀವ ತೆಗೀತಿದ್ದೆ." ಹೇಳುವಾಗ ಇವತ್ತಿಗೂ ಅವರ ಕಣ್ಣು ಅಗಲವಾಗುತ್ತವೆ, ಆ ಮಾತನ್ನು ಈಗಷ್ಟೇ ಕೇಳಿದವರ ಹಾಗೆ. ಯಾರಿಗೂ ಹೇಳುವ ಅಗತ್ಯವಿಲ್ಲ, ಬೇಕೆಂದು ಮಾಡಿದ್ದಲ್ಲ ಎಂದು ಡಾಕ್ಟರ್ ಸಮಾಧಾನ ಮಾಡಿದ್ದರಂತೆ. ಕದರಯ್ಯ ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಮೂಲೆಯಲ್ಲಿ ತಂತಿ ಸುತ್ತುತ್ತಿದ್ದ ರಂಗಲಕ್ಷ್ಮಮ್ಮನ ಕೈ ಈಗ ನಿಂತಿದೆ. ಎಣಿಕೆ ತಪ್ಪಿಹೋಗಿದೆ. ಅವರು ಕೋಪಿಸಿಕೊಳ್ಳುವುದನ್ನೂ ಮರೆತು ಗಂಡನ ಮುಖ ನೋಡುತ್ತಿದ್ದಾರೆ.

ನಮ್ಮ ಪೆಟ್ರೋಲಿನಲ್ಲಿ ಸೀಸ ಬೆರೆತಿರುವುದರಿಂದ ಹೊಸ ಸೆನ್ಸಾರೂ ಹೆಚ್ಚು ಕಾಲ ಬಾಳದು ಎಂದು ಆ ಪತ್ರದಲ್ಲೇ ಇತ್ತು. ಇರುವಷ್ಟು ದಿನ ಇರಲಿ ಎಂದು ಕದರಯ್ಯ ತಿಂಗಳಿಗೊಮ್ಮೆ ಕಾರನ್ನು ತರಿಸಿ ಅದರ ವೈರು ನೋಡುತ್ತಾರೆ. ಈ ಬೆಳಿಗ್ಗೆ ಮತ್ತೆ ಸುಟ್ಟ ಕಡೆ ಕತ್ತರಿಸಿ, ಹೊಸದು ಸೇರಿಸಿ, ಕೊಳವೆ ತೊಡಿಸಿದ್ದಾಯಿತು. ಟೋಪಿಯ ತೂತನ್ನು ಬಟ್ಟೆಯ ತುದಿಯಿಂದ ಒರೆಸಿ, ಬಾಯಿಂದ ಊದಿ, ತೆರೆದಿದೆ ಎಂದು ಎರಡೆರಡು ಸಲ ನೋಡಿ ಹೊರಗೆ ಬರುತ್ತಾರೆ.

ಹೊರಗೆ ಬಂದವರು ನಿಂತಲ್ಲೇ ನಿಲ್ಲುತ್ತಾರೆ. ಈಗ ಚೆನ್ನಾಗಿ ಬೆಳಕಾಗಿದೆ. ಹೋಟೆಲಿನ ಕಡೆಯಿಂದ ಚಿಕ್ಕಬೀರಯ್ಯನವರ ಹಿಂದೆ ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಬರುತ್ತಿದ್ದಾಳೆ. ವನಜಮ್ಮ. ತವರು ಗುಬ್ಬಿ. ಕಾರು ತುಮಕೂರಿಗೆ ಹೊರಟಿದೆ ಎಂದು ತಿಳಿದು ಇಲ್ಲಿಯವರೆಗೆ ಅದರಲ್ಲೇ ಬಂದಿದ್ದಾಳೆ, ಇಲ್ಲಿಂದ ಬಸ್ಸು ಹಿಡಿಯಬೇಕು. ಮಗುವಿಗೆ ಹಾಲು ಕುಡಿಸಲು ಹೋಟೆಲಿನಲ್ಲಿ ಕೂತಿದ್ದಳು.

"ಕದ್ರಣ್ಣ, ನೋಡಿ ನಿಮ್ ಗಾಡೀಲಿ ಬಂದೋನು ಎಂಗೆ ಬೆಳ್ದವ್ನೆ," ಎಂದು ಆಕೆ ಮಗುವನ್ನು ಮುಂದೆ ಚಾಚುತ್ತಾಳೆ.

ಕದರಯ್ಯ ಎತ್ತಿಕೊಳ್ಳುವುದಿಲ್ಲ. ಕೈ ಗ್ರೀಸಾಗಿದೆ ಎಂಬ ನೆಪವಿದೆ, ಆದರೆ ಅವರು ಆ ನೆಪ ಹೇಳುವುದಿಲ್ಲ. ಲಾರಿ ಡ್ರೈವರುಗಳೂ ಮಗುವನ್ನು ನೋಡಲು ಹತ್ತಿರ ಬಂದಿದ್ದಾರೆ. ಒಬ್ಬ ಆಗಲೇ ಪುಣ್ಯಾತ್ಮನ ಕಥೆ ಶುರುಮಾಡಿದ್ದಾನೆ. ಕದರಯ್ಯ ಅವನನ್ನು ತಡೆಯುತ್ತಾರೆ.

"ಸುಮ್ಕಿರಪ್ಪ. ಪೇಪರಿಗೆ ಹೋಗಕ್ ಮುಂಚೆ ಇವಮ್ಮಂಗೆ ಗೊತ್ತಾಗ್ಲಿ. ತಾಯಿ, ಅವತ್ತು ಗಾಡಿ ನಿಂತಿದ್ದು ನನ್ನಿಂದ. ಮುಚ್ಚಬಾರದ ತೂತು ಮುಚ್ಚಿದ್ದೆ. ನೀನು ರೋಡಲ್ಲಿ ಒದ್ದಾಡಿದ್ದು ನನ್ನಿಂದ. ಮಗು ಹೋಗಿದ್ರೆ ಅದೂ ನನ್ನಿಂದ. ನಾನು ಉಳಿಸ್ದೋನಲ್ಲ. ಬೈಯೋದಿದ್ರೆ ಬೈದ್ಬುಡು."

ಚಿಕ್ಕಬೀರಯ್ಯನವರ ಬಾಯಿ ತೆರೆದದ್ದು ತೆರೆದೇ ಇದೆ. ಕಥೆ ಶುರುಮಾಡಿದ್ದ ಡ್ರೈವರ್ ಬೀಡಿಯ ಬೆಂಕಿ ಬೆರಳಿಗೆ ತಾಗಿ ಕೈ ಕೊಡವಿಕೊಳ್ಳುತ್ತಾನೆ. ವನಜಮ್ಮ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಳ್ಳುತ್ತಾಳೆ.

"ಗೊತ್ತು ಬುಡಿ ಕದ್ರಣ್ಣ," ಎನ್ನುತ್ತಾಳೆ.

"ಏನ್ ಗೊತ್ತು?"

"ಅವತ್ತೇ ಗೊತ್ತು. ನಮ್ಮತ್ತೆ ರೋಡಲ್ಲಿದ್ರು, ಡ್ರೈವರಣ್ಣ ಕೂಗಾಡ್ತಿದ್ರು. ನೀವು ಕೆಳಗೆ ಮಲೀಕಂಡು, ನಾನೇ ಮಾಡ್ಬುಟ್ನಲ್ಲಪ್ಪ, ನನ್ ಕೈಯಿಂದ್ಲೇ ಆಯ್ತಲ್ಲಪ್ಪ ಅಂತ ಅಳ್ತಿದ್ರಿ. ನಾನು ಮೇಲ್ಗಡೆ, ನೀವು ಕೆಳಗಡೆ, ಮಧ್ಯ ಒಂದು ತಗಡು. ನೋವಲ್ಲಿದ್ದೆ, ಕಿವುಡಿ ಆಗಿರ್ಲಿಲ್ಲ."

ಕದರಯ್ಯ ಪಕ್ಕದ ಟೈರಿನ ಮೇಲೆ ಕೂರುತ್ತಾರೆ. ತಾವು ಅತ್ತದ್ದೇ ಅವರಿಗೆ ನೆನಪಿಲ್ಲ. ಒಂದು ವರ್ಷ ಯಾರಿಂದ ಮುಚ್ಚಿಟ್ಟರೋ ಅವಳಿಗೆ ಮೊದಲ ಗಳಿಗೆಯಿಂದಲೇ ಗೊತ್ತಿತ್ತು! "ಮತ್ಯಾಕ್ ತಾಯಿ ಯಾರ್ಗೂ ಹೇಳ್ಲಿಲ್ಲ?" ಎಂದು ಕೇಳುತ್ತಾರೆ.

"ಹೇಳಿದ್ರೆ ನಮ್ಮತ್ತೆ ಅಲ್ಲೇ ನಿಮ್ ಕತ್ತು ಹಿಡ್ಕೊಂತಿದ್ರು. ಆಮೇಲೆ ಗಾಡಿ ಓಡ್ಸೋರ್ ಯಾರು?" ವನಜಮ್ಮ ನಗುತ್ತಾಳೆ, ಆದರೆ ಕಣ್ಣು ತುಂಬಿವೆ. "ಅಳ್ತಾ ಅಳ್ತಾನೇ ಕೈ ಕೆಲಸ ಮಾಡ್ತಿತ್ತಲ್ಲ ಕದ್ರಣ್ಣ ನಿಮ್ದು. ಸ್ಪಾನರ್ ಸದ್ದು ನಿಂತೇ ಇಲ್ಲ. ಆ ಸದ್ದು ಕೇಳ್ಕೊಂಡೇ ನಾನು ಜೀವ ಹಿಡ್ಕೊಂಡಿದ್ದು. ತಗಳಿ, ಎತ್ಕಳಿ ಇವನ್ನ. ನಂಗೆ ಬಸ್ಸಿಗೆ ಹೊತ್ತಾಯ್ತು."

ರಂಗಲಕ್ಷ್ಮಮ್ಮ ಎದ್ದು ಬಂದು, ತಮ್ಮ ಸೆರಗಿನಿಂದಲೇ ಗಂಡನ ಎರಡೂ ಕೈ ಒರೆಸುತ್ತಾರೆ. ಕದರಯ್ಯ ಮಗುವನ್ನು ಎತ್ತಿಕೊಳ್ಳುತ್ತಾರೆ. ಮಗು ಅವರ ಸುಟ್ಟ ಕಿವಿಯನ್ನು ಹಿಡಿದು ಎಳೆಯುತ್ತದೆ.

ವನಜಮ್ಮ ಬಸ್ಸು ಹತ್ತಿ ಹೋಗುತ್ತಾಳೆ. ಸಾಲಿನಲ್ಲಿದ್ದ ಅಂಬಾಸಡರಿನವನು ಕಣ್ಣು ತಪ್ಪಿಸಿ, ಗಾಡಿ ತಿರುಗಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟುಬಿಡುತ್ತಾನೆ. ಲಾರಿಯವರಿಬ್ಬರೂ ಟೆಂಪೋದವನೂ ನಿಂತೇ ಇದ್ದಾರೆ. ಬೇಕಾದರೆ ಇದನ್ನೆಲ್ಲ ಬರೆಯದೆ ಬಿಡಬಹುದು ಎಂದು ಪತ್ರಿಕೆಯವರು ಮೆಲ್ಲನೆ ಹೇಳಿ ನೋಡುತ್ತಾರೆ.

ಕದರಯ್ಯ ದೂರ ಹೋಗುತ್ತಿರುವ ಅಂಬಾಸಡರನ್ನು ನೋಡುತ್ತಾರೆ. ಆಮೇಲೆ ಮೊದಲ ಲಾರಿಯ ಬಾನೆಟ್ ಎತ್ತುತ್ತಾರೆ.

"ಬುಡಬೇಡಿ ಸಾರ್, ಬರೀರಿ. ಹೋಗೋರು ಹೋಗ್ಲಿ. ಇಷ್ಟ್ ವರ್ಷ ಜನ ನನ್ನ ಹೆಸ್ರು ನೋಡಿ ಬರ್ತಿದ್ರು. ಇವತ್ತಿಂದ ಬರೋರು ಗೊತ್ತಿದ್ದೂ ಬರ್ತಾರಲ್ಲ, ನಂಗೆ ಅಷ್ಟು ಸಾಕು."